ಅಪ್‌ಡೇಟ್: ಚರ್ಚ್ ಸ್ಟ್ರೀಟ್, ಗಾಂಧಿ ಬಜಾರ್ ಪುಸ್ತಕದಂಗಡಿ ಒಂದೇ ದಿನ

ಬೆಂಗಳೂರಿನ ಚರ್ಚ್ ಸ್ಟ್ರೀಟ್, ಗಾಂಧಿ ಬಜಾರ್ ಎರಡೂ ಕಡೆಯ ಪುಸ್ತಕದಂಗಡಿಗಳನ್ನ ಒಂದೇ ದಿನ ಸುತ್ತೋದು ಹೇಗೆ ಅಂತ ಹಿಂದೆ ಕೇಳಿದ್ದೆ. ಆಗುತ್ತೆ. ‘ಮಧ್ಯೆ ಮೆಟ್ರೋ ಹಿಡೀರಿ’ ಅಂದವರ ಸಲಹೆಯೇ ಸರಿ: ಎಂ.ಜಿ. ರೋಡಿಂದ ನೇರಳೆ ಮಾರ್ಗ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಿಸಿ ನ್ಯಾಷನಲ್ ಕಾಲೇಜು, ಅಲ್ಲಿಂದ ಗಾಂಧಿ ಬಜಾರಿನ ‘ಅಂಕಿತ ಪುಸ್ತಕ’ ಅಂಗಡಿಗೆ ನಡಿಗೆ. ಪೂರ್ತಿ ನಡೆದೇ ಹೋಗೋದು ಕೈಕೊಟ್ಟಿತು. ಚೀಲ ತುಂಬಿದ ಮೇಲೆ ಅದು ಆಗದ ಮಾತು.

ಬ್ಲಾಸಮ್, ಬುಕ್‌ವರ್ಮ್ ಎರಡೂ ಅಂಗಡಿ ಚರ್ಚ್ ಸ್ಟ್ರೀಟಲ್ಲೇ ಇವೆ. ಹಳೇ ಪ್ರತಿಯ ಬೆಲೆ ಎರಡೂ ಕಡೆ ಹೋಲಿಸಿ. ಬೈಂಡಿಂಗ್ ಬಿಟ್ಟಿದೆಯಾ, ಕೊನೇ ಪುಟ ಇದೆಯಾ, ಹುಳ ತಿಂದಿದೆಯಾ ನೋಡ್ಕೊಳ್ಳಿ.

ಅಚ್ಚರಿ ಅಂದ್ರೆ ಬ್ರಿಗೇಡ್ ರೋಡ್ ಪಕ್ಕದ ಗಲ್ಲಿಯ ಸೆಲೆಕ್ಟ್. 1945ರ ಅಂಗಡಿ! ಅಪರೂಪದ, ಮುದ್ರಣ ನಿಂತುಹೋದ ಪುಸ್ತಕ ಬೇಕಿದ್ದರೆ ಮೊದಲು ಅಲ್ಲಿಗೇ ಹೋಗಿ, ಕೈ ಖಾಲಿ ಇರುವಾಗಲೇ. ಕನ್ನಡ ಪುಸ್ತಕಗಳನ್ನ ಗಾಂಧಿ ಬಜಾರಿಗೆ ಉಳಿಸಿಕೊಳ್ಳಿ.