ಮೊದಲು ಕೂತು ಕೇಳಿದ ಸಂಗೀತ ಕಚೇರಿ ಯಾವುದು? ಇವತ್ತಿಗೂ ಬಿಡದೆ ಕಾಡುವುದು ಯಾವುದು?

ಬಂಟ್ವಾಳದವಳು
ನಮ್ಮ ಕಡೆ ಸ್ಯಾಕ್ಸೋಫೋನ್ ಅಂದರೆ ಮದುವೆ ಮನೆ, ಜಾತ್ರೆ, ದೈವಗಳ ನೇಮ. ಧಾರೆ ಹೊತ್ತಿಗೆ ಅದು ಕೇಳಲೇಬೇಕು. ಹಾಗಾಗಿ ಆ ದನಿ ಕಿವಿಗೆ ಹೊಸದಲ್ಲ. ಆದರೆ ಊಟದ ಪಂಕ್ತಿಯ ಗದ್ದಲದಲ್ಲಿ ಯಾರು ಗಮನ ಕೊಟ್ಟು ಕೇಳುತ್ತಾರೆ, ಅಲ್ವಾ?

ಕೂತು ಕೇಳಿದ್ದು ಬೆಂಗಳೂರಿಗೆ ಬಂದ ಮೇಲೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ. ಕದ್ರಿ ಗೋಪಾಲನಾಥರು. ‘ನಮ್ಮ ಸಜಿಪದವರು’ ಎಂದು ದೊಡ್ಡಪ್ಪ ಹಟ ಹಿಡಿದು ಕರೆದುಕೊಂಡು ಹೋದರು. ಝಗಮಗಿಸುವ ಜುಬ್ಬಾ, ಕೈಯಲ್ಲಿ ಆ ಹೊಳೆಯುವ ವಾದ್ಯ. ಕಲ್ಯಾಣಿ ರಾಗ ಶುರು ಮಾಡಿದರು. ಒಂದು ಗಾಂಧಾರ ಸ್ವರವನ್ನು ಹಾಗೇ ತೂಗಿಸುತ್ತಾ ನಿಂತುಬಿಟ್ಟರು. ಪಕ್ಕದ ಅಜ್ಜ ಕಣ್ಣು ಮುಚ್ಚಿಕೊಂಡೇ ‘ಆಹಾ’ ಎಂದರು. ನನಗೆ ರೋಮಾಂಚನ.

ಸ್ಯಾಕ್ಸೋಫೋನ್ ಕೀ ಒತ್ತಿ ನುಡಿಸುವ ವಾದ್ಯ. ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸಿ ನುಡಿಸುವುದು, ಅದಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಗೋಪಾಲನಾಥರ ತಂದೆ ನಾಗಸ್ವರ ನುಡಿಸುತ್ತಿದ್ದರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು, ಆಮೇಲೆ ವಾದ್ಯವನ್ನೇ ನಮ್ಮ ಸಂಗೀತಕ್ಕೆ ಹೊಂದುವಂತೆ ಮಾರ್ಪಡಿಸಿಕೊಂಡರು, ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲೂ ನುಡಿಸಿದರು. 2019ರಲ್ಲಿ ಹೋಗಿಬಿಟ್ಟರು. ಅವರ ಸಿ.ಡಿ.ಗಳು ನನ್ನ ಹತ್ತಿರ ಇವೆ, ಆದರೆ ಎರಡು ಸಾಲಿನ ನಡುವೆ ಅವರು ಉಸಿರು ತುಂಬಿಕೊಂಡದ್ದು ಅವುಗಳಲ್ಲಿ ಕೇಳುವುದಿಲ್ಲ. ಅಲ್ಲಿ ಕೇಳಿತ್ತು.

ನಿಮ್ಮದು ಹೇಳಿ. ದೊಡ್ಡ ಹೆಸರೇ ಆಗಬೇಕೆಂದಿಲ್ಲ.

ಹುಬ್ಬಳ್ಳಿ ಮಂದಿ
ಅಕ್ಕಾರೆ, ನಮ್ಮದು ಕುಂದಗೋಳ. ನಾಡಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿ. ಜಮಖಾನೆ ಮೇಲೆ ಕೂತು ರಾತ್ರಿಯಿಡೀ ಕೇಳುವುದು. ಅಪ್ಪನ ತೊಡೆ ಮೇಲೆ ನಿದ್ದೆ ಹೋಗಿದ್ದೆ, ಗಂಗೂಬಾಯಿ ಹಾನಗಲ್ಲರ ದನಿಗೆ ಎಚ್ಚರವಾಯಿತು. ಹಾಡುವವರು ಗಂಡಸರೇ ಅಂದುಕೊಂಡು ಎದ್ದು ನೋಡಿದರೆ ಸೀರೆ ಉಟ್ಟ ಅಜ್ಜಿ! ಹಿಂದೆ ತಂಬೂರಿ ಹಿಡಿದು ಮಗಳು ಕೃಷ್ಣಾ ಸಾಥ್ ಕೊಡುತ್ತಿದ್ದರು. ಹರೆಯದಲ್ಲಿ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಇದೇ ಕುಂದಗೋಳಕ್ಕೆ ಬಂದು ಗುರುಗಳಾದ ಸವಾಯಿ ಗಂಧರ್ವರ ಹತ್ತಿರ ಕಲಿತವರು.

ಅಹೋರಾತ್ರಿ ಕಚೇರಿಗಳು ಕಡಿಮೆ ಆಗಿದ್ದು ನನಗೆ ನಿಜಕ್ಕೂ ಬೇಜಾರು. ಈಗ ಹೆಚ್ಚಿನ ಕಡೆ ರಾತ್ರಿ ಹತ್ತಕ್ಕೆ ಮುಗಿಸುತ್ತಾರೆ. ಹಾಗಾದರೆ ಭೈರವ, ತೋಡಿ ಯಾವಾಗ ಕೇಳಬೇಕು? ಬೆಳಗಿನ ರಾಗವನ್ನು ಬೆಳಿಗ್ಗೆಯೇ ಕೇಳಬೇಕು.

ಭಾವಗೀತೆ ಪ್ರೇಮಿ
ನನ್ನದು ಸುಗಮ ಸಂಗೀತ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮ. ನಾವು ಎಷ್ಟು ಹಿಂದೆ ಇದ್ದೆವೆಂದರೆ ವೇದಿಕೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಆದರೂ ಶರೀಫರ ತತ್ವಪದ ಎತ್ತಿಕೊಂಡಾಗ ಸುತ್ತಲಿನವರೆಲ್ಲ ದನಿಗೂಡಿಸಿದರು. ಕವಿತೆ ಕೇಳಲು ಅಷ್ಟು ಜನ ಬಂದಿದ್ದರು ಎನ್ನುವುದೇ ನನಗೆ ದೊಡ್ಡ ವಿಷಯ.

ಹೊಸ ಕೇಳುಗ
ಮಗಳಿಗೆ ಎಂಟು ವರ್ಷ. ಈ ಸಲ ರಾಮನವಮಿ ಕಚೇರಿಗೆ ಕರೆದುಕೊಂಡು ಹೋಗಬೇಕು ಅಂತಿದೀನಿ. ರಾಗ, ತಾಳ ನನಗೇ ಗೊತ್ತಿಲ್ಲ. ಕೂರ್ತಾಳಾ?

ಬಂಟ್ವಾಳದವಳು
ಹುಬ್ಬಳ್ಳಿಯವರೇ, ನಿಮ್ಮ ಮಾತು ಓದಿ ಕುಂದಗೋಳಕ್ಕೆ ಹೋಗಲೇಬೇಕು ಅನ್ನಿಸಿದೆ.

ಹೊಸ ಕೇಳುಗರೇ, ಖಂಡಿತ ಕರೆದುಕೊಂಡು ಹೋಗಿ. ರಾಗದ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ನಮಗೆ ಎಡಗಡೆ ಬರುವ ಹಾಗೆ ಸಾಮಾನ್ಯವಾಗಿ ಮೃದಂಗದವರು ಕೂರುತ್ತಾರೆ. ಮಗುವನ್ನು ಆ ಕಡೆ, ಕೈ ಕಾಣುವಷ್ಟು ಹತ್ತಿರ ಕೂರಿಸಿ. ಮಕ್ಕಳಿಗೆ ಲಯ ಬೇಗ ಹಿಡಿಸುತ್ತದೆ. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಸುಮಾರು ಜನ ಕಾಫಿಗೆ ಎದ್ದು ಹೋಗುತ್ತಾರೆ, ನನಗೆ ಅದು ತುಂಬಾ ನೋವು ಕೊಡುತ್ತದೆ. ನೀವು ಮಾತ್ರ ಏಳಬೇಡಿ. ಮೃದಂಗ, ಘಟ, ಬಾಯಲ್ಲಿ ಹಿಡಿದು ನುಡಿಸುವ ಮೋರ್ಸಿಂಗ್ ಒಬ್ಬರಿಗೊಬ್ಬರು ಸವಾಲು ಹಾಕುವುದು ಅಲ್ಲೇ. ಅವಳಿಗೆ ಸುಸ್ತಾದರೆ ಆಮೇಲೆ ಹೊರಡಿ, ಬಲವಂತ ಬೇಡ. ಏಪ್ರಿಲ್ ಸಂಜೆ ಮಳೆ ಜಾಸ್ತಿ, ಕೊಡೆ ಇರಲಿ.