ತವರಿನ ಬಾಗಿನವನ್ನು ಹಿಂದಿರುಗಿಸಿದ್ದು ವಿಶ್ವಾಸದ ದೃಢತೆಯೋ, ಒರಟುತನವೋ?

ಪ್ರಶ್ನೆ: ಹೇಮಾವತಿ ಸೀಮೆಯವಳು

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಾನೂ ನನ್ನ ಪತಿಯೂ ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದೆವು. ನನ್ನ ತವರು ಹಾಸನ ಜಿಲ್ಲೆಯ ಒಂದು ಹಳ್ಳಿ. ಯಾರ ಒತ್ತಾಯಕ್ಕೂ ಒಳಗಾಗದೆ ಈ ದಾರಿಗೆ ಬಂದೆವೆಂಬುದನ್ನು ನನ್ನ ತಾಯಿ ಇಂದಿಗೂ ನಂಬುವುದಿಲ್ಲ. "ಎಷ್ಟು ದುಡ್ಡು ಕೊಟ್ಟರು?" ಎಂದು ಮೊದಲ ದಿನ ಕೇಳಿದ್ದೇ ಅವರ ಮನಸ್ಸಿನಲ್ಲಿ ಉಳಿದಿದೆ. ಆದರೂ ಹೋಗಿಬರುವುದು ನಿಂತಿರಲಿಲ್ಲ.

ಕಳೆದ ಗೌರಿ ಹಬ್ಬದಂದು ನನ್ನ ತಮ್ಮ ಎಂದಿನಂತೆ ಬಾಗಿನ ತಂದನು. ಎರಡು ಹೊಸ ಮೊರಗಳನ್ನು ಒಂದರ ಮೇಲೊಂದು ಮುಚ್ಚಿ ದಾರದಿಂದ ಕಟ್ಟಲಾಗಿತ್ತು. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಅರಿಶಿನ ಕುಂಕುಮ, ಬಿಚ್ಚೋಲೆ, ಹಸಿರು ಬಳೆ ಎಲ್ಲವನ್ನೂ ಅಮ್ಮನೇ ಜೋಡಿಸಿದ್ದರು. ಗೌರಿಯ ಮುಂದಿಟ್ಟು ಪೂಜಿಸಿದ ವಸ್ತುವನ್ನು ಮನೆಯೊಳಗೆ ಇರಿಸಿಕೊಳ್ಳಬಾರದೆಂದು ನಮ್ಮ ಪಾಸ್ಟರ್ ಹಿಂದಿನ ಭಾನುವಾರವಷ್ಟೇ ಹೇಳಿದ್ದರು. ನಾನು ಬಾಗಿಲಲ್ಲೇ ನಿಂತು ಅದನ್ನು ಹಿಂದಿರುಗಿಸಿದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಅವನು ನೀರನ್ನೂ ಕುಡಿಯದೆ ಹೊರಟುಹೋದನು. ಅಂದಿನಿಂದ ಅಮ್ಮ ನನ್ನ ಫೋನ್ ಎತ್ತಿಲ್ಲ.

ಯೇಸುವನ್ನು ಬಿಡುವ ಯೋಚನೆ ನನಗಿಲ್ಲ. ಆದರೆ ಬೈಬಲಿನ ಮತ್ತಾಯ 10ನೆಯ ಅಧ್ಯಾಯದ "ಮನೆಯವರೇ ವೈರಿಗಳಾಗುವರು" ಎಂಬ ಮಾತನ್ನು ಓದಿ ಸಭೆಯವರು ಸಮಾಧಾನ ಹೇಳಿದಾಗಲೆಲ್ಲ, ಮೊರವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ ತಮ್ಮನೇ ಕಣ್ಣಮುಂದೆ ಬರುತ್ತಾನೆ. ಅವನು ನನ್ನ ವೈರಿಯೇ? ನಾನು ಅಂದು ದೃಢವಾಗಿ ನಿಂತೆನೋ, ಒರಟಾಗಿ ನಡೆದುಕೊಂಡೆನೋ?

ಉತ್ತರ: ದಾವಣಗೆರೆಯ ವಿಶ್ವಾಸಿ

ಸಹೋದರಿ, ತಾವು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅನ್ಯರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಿಸದೆ ಉಣ್ಣಬಹುದು, ಆದರೆ "ಇದು ವಿಗ್ರಹಕ್ಕೆ ಅರ್ಪಿಸಿದ್ದು" ಎಂದು ಯಾರಾದರೂ ತಿಳಿಸಿದರೆ ಉಣ್ಣಬಾರದೆಂದು ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ, 1 ಕೊರಿಂಥ 10ರಲ್ಲಿ, ಹೇಳುತ್ತಾನೆ. ಬಾಗಿನದ ವಿಷಯದಲ್ಲಿ ಯಾರೂ ತಿಳಿಸಬೇಕಾಗಿಯೇ ಇಲ್ಲ. ಇಂದು ಬಾಗಿನಕ್ಕೆ ಒಪ್ಪಿದರೆ ನಾಳೆ ಆರತಿ ತಟ್ಟೆ ಬರುತ್ತದೆ, ನಾಡಿದ್ದು ಮನೆದೇವರ ಹರಕೆ ಬರುತ್ತದೆ. ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಟ್ಟರೆ ಎರಡೂ ಕಡೆಯವರಿಗೆ ನೋವು ಕಡಿಮೆ. ತಮ್ಮನನ್ನು ಒಳಗೆ ಕರೆದು ಕೂರಿಸಬೇಕಿತ್ತೆಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಉತ್ತರ: ಬಲ್ಮಠದ ಹಿರಿಯ

ಮಗಳೇ, ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಲ್ಲೇ ಕ್ರೈಸ್ತವಾದ ಮಂಗಳೂರಿನ ಹಳೆಯ ಮನೆತನ. ನಮ್ಮ ಹಿರಿಯರು ಪಟ್ಟದ್ದನ್ನು ನಾವು ಕೇಳಿ ಬಲ್ಲೆವೇ ಹೊರತು ಪಟ್ಟು ಬಲ್ಲವರಲ್ಲ. ಆದುದರಿಂದ ನಿನಗೆ ಬುದ್ಧಿ ಹೇಳಲು ನನಗೆ ಸಂಕೋಚವಿದೆ, ತಿಳಿದಷ್ಟನ್ನು ಹೇಳುತ್ತೇನೆ.

ಮೇಲಿನ ಸಹೋದರರು ಉಲ್ಲೇಖಿಸಿದ ಭಾಗದಲ್ಲಿಯೇ ಪೌಲನು, ಉಣ್ಣಬೇಡವೆಂದದ್ದು ನಿನ್ನ ಮನಸ್ಸಾಕ್ಷಿಗಾಗಿ ಅಲ್ಲ, ತಿಳಿಸಿದವನ ಮನಸ್ಸಾಕ್ಷಿಗಾಗಿ ಎಂದು ಸೇರಿಸುತ್ತಾನೆ. ಅಂದರೆ ಎದುರಿಗಿರುವವನು ಅದನ್ನು ಏನೆಂದು ತಿಳಿಯುತ್ತಾನೆಂಬುದು ಮುಖ್ಯ. ನಿನ್ನ ತಮ್ಮ ಬಂದದ್ದು ನಿನ್ನಿಂದ ಪೂಜೆ ಮಾಡಿಸಲಿಕ್ಕೋ, ಅಥವಾ ಅಕ್ಕನಿಗೆ ತವರು ಇನ್ನೂ ಇದೆ ಎಂದು ತೋರಿಸಲಿಕ್ಕೋ? ಅದನ್ನು ನೀನು ಮಾತ್ರ ಬಲ್ಲೆ. ಬಳೆಗೆ ತನ್ನದೇ ಆದ ಧರ್ಮವೇನೂ ಇಲ್ಲ. ನಮ್ಮ ಊರಿನ ಕೊಂಕಣಿ ಕಥೋಲಿಕರ ಮದುಮಗಳಿಗೂ ಬಳೆ ತೊಡಿಸುವ ಶಾಸ್ತ್ರವಿದೆ.

ಮತ್ತಾಯ 10ರ ಆ ಮಾತು ಪ್ರವಾದಿ ಮೀಕನಿಂದ ಬಂದದ್ದು. ಮೀಕನು ಅದನ್ನು ಹೇಳಿದ್ದು ದೇಶ ಕೆಟ್ಟುಹೋಯಿತೆಂಬ ಗೋಳಿನಲ್ಲಿ. ವಿಶ್ವಾಸಕ್ಕಾಗಿ ಮನೆ ಒಡೆಯಬಹುದೆಂಬ ಎಚ್ಚರಿಕೆ ಅದರಲ್ಲಿದೆ, ಒಡೆಯಿರೆಂಬ ಅಪ್ಪಣೆ ಇಲ್ಲ. ಯೇಸುವಿಗೆ ಹುಚ್ಚು ಹಿಡಿದಿದೆಯೆಂದು ಅವನ ಮನೆಯವರೇ ಹಿಡಿದುತರಲು ಹೊರಟರೆಂದು ಮಾರ್ಕನು ಬರೆದಿದ್ದಾನೆ. ಅವನು ಅವರಿಗಾಗಿ ತನ್ನ ಕೆಲಸವನ್ನೂ ನಿಲ್ಲಿಸಲಿಲ್ಲ, ಶಿಲುಬೆಯ ಮೇಲಿದ್ದಾಗ ತಾಯಿಯನ್ನು ಯೋಹಾನನ ಕೈಗೆ ಒಪ್ಪಿಸುವುದನ್ನೂ ಮರೆಯಲಿಲ್ಲ.

ಇನ್ನೊಂದು ಮಾತು ನಿನ್ನ ಸಭೆಗೆ. 1844ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗರ ಶಿಷ್ಯ, ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆ ಕಾಲದಲ್ಲಿ ಮತಾಂತರವಾದವನಿಗೆ ಜಾತಿ, ಮನೆ, ಕಸುಬು ಎಲ್ಲವೂ ಒಂದೇ ದಿನ ಹೋಗುತ್ತಿದ್ದವು. ಹಾಗೆ ಹೊರಬಿದ್ದವರಿಗೆ ದುಡಿಮೆ ಬೇಕೆಂದೇ ಮಿಷನ್ನಿನವರು ನೇಯ್ಗೆಯನ್ನು ಆರಂಭಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ತವರನ್ನು ಬಿಡೆಂದು ಹೇಳುವ ಸಭೆ ತವರಾಗಲು ಸಿದ್ಧವಿರಬೇಕು. ಬಾಗಿನ ಹಿಂದಿರುಗಿಸಿದ ಆ ಸಂಜೆ ನಿನ್ನ ಮನೆಗೆ ಯಾರು ಬಂದರು? ಯಾರೂ ಬರದಿದ್ದರೆ, ದೃಢವಾಗಿ ನಿಲ್ಲಬೇಕಾದ ಭಾರವನ್ನೆಲ್ಲ ಅವರು ನಿನ್ನೊಬ್ಬಳ ತಲೆಯ ಮೇಲೆ ಹೊರಿಸಿದ್ದಾರೆ.

ಉತ್ತರ: ಕೋಲಾರದ ಹಿರಿಮಗ

ನಾನು ನಂಬಿಕೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮನೆಗೆ ಹಿರಿಯ ಮಗ ನಾನೇ. ತಂದೆ ಬದುಕಿದ್ದಾಗಲೇ ಅವರ ಪಕ್ಕದಲ್ಲಿ ಕುಳಿತು, "ಕೊಳ್ಳಿ ಇಡುವುದು, ಪಿಂಡ ಹಾಕುವುದು ನನ್ನಿಂದ ಆಗುವುದಿಲ್ಲ, ಉಳಿದದ್ದೆಲ್ಲವನ್ನೂ ಮಾಡುತ್ತೇನೆ" ಎಂದು ತಿಳಿಸಿದ್ದೆ. ಅವರು ಒಂದು ತಿಂಗಳು ನನ್ನೊಡನೆ ಮಾತನಾಡಲಿಲ್ಲ.

ಅವರು ತೀರಿಕೊಂಡಾಗ ಆಸ್ಪತ್ರೆಯ ಬಿಲ್ಲಿನಿಂದ ಸೌದೆಯವರೆಗೆ ಎಲ್ಲವನ್ನೂ ನಾನೇ ನೋಡಿಕೊಂಡೆ. ಚಟ್ಟಕ್ಕೆ ಹೆಗಲು ಕೊಟ್ಟು ಸ್ಮಶಾನದವರೆಗೂ ನಡೆದೆ. ಬೆಂಕಿಯ ಮಡಕೆಯನ್ನು ನನ್ನ ತಮ್ಮ ಹಿಡಿದನು. ದಾಯಾದಿಗಳು ನನ್ನ ಮುಂದೆಯೇ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ವೈಕುಂಠ ಸಮಾರಾಧನೆಯ ದಿನ ಹಿತ್ತಲಿನಲ್ಲಿ ಅಡುಗೆಯವರ ಜೊತೆ ಕುಂಬಳಕಾಯಿ ಹೆಚ್ಚುತ್ತಾ ಕುಳಿತಿದ್ದೆ. ತಾಯಿ ಬಂದು ಏನೂ ಹೇಳದೆ ನನ್ನ ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟು ಹೋದರು. ಅವರು ಇಂದಿಗೂ ನನ್ನ ವಿಶ್ವಾಸವನ್ನು ಒಪ್ಪಿಲ್ಲ. ಆದರೆ ರಕ್ತದೊತ್ತಡದ ಮಾತ್ರೆ ಮುಗಿದರೆ ಮೊದಲು ಫೋನ್ ಮಾಡುವುದು ನನಗೇ.

ನನ್ನ ಅನುಭವದಲ್ಲಿ, ಮಾಡಲಾಗದ್ದು ಯಾವುದೆಂದು ಹಬ್ಬದ ಹಿಂದಿನ ದಿನ ಬಾಗಿಲಲ್ಲಿ ಹೇಳಬಾರದು. ಸಾಧಾರಣ ದಿನವೊಂದರಲ್ಲಿ, ಊಟವಾದ ಮೇಲೆ, ನಿಧಾನವಾಗಿ ಹೇಳಬೇಕು. ಆ ಪಟ್ಟಿ ಎಷ್ಟು ಚಿಕ್ಕದಾಗಿರುತ್ತದೆಯೋ ಅಷ್ಟು ಗಟ್ಟಿಯಾಗಿ ಅದರ ಮೇಲೆ ನಿಲ್ಲಬಹುದು. ನನ್ನ ಪಟ್ಟಿಯಲ್ಲಿ ಇರುವುದು ಎರಡೇ: ಪೂಜೆಗೆ ಕೂರುವುದಿಲ್ಲ, ಯೇಸುವಿನ ಹೆಸರನ್ನು ಮುಚ್ಚಿಡುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ವಂದನೆಗಳು. ಬಲ್ಮಠದ ಹಿರಿಯರ ಪ್ರಶ್ನೆಗೆ ಉತ್ತರ: ಆ ಸಂಜೆ ನಮ್ಮ ಮನೆಗೆ ಯಾರೂ ಬರಲಿಲ್ಲ. ನಿನ್ನೆ ತಮ್ಮನಿಗೆ ಫೋನ್ ಮಾಡಿ, ಬಾಗಿನದ ಮಾತು ಹಾಗಿರಲಿ, ನಿನ್ನನ್ನು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಸಿರು ಬಳೆಗಳನ್ನು ಅಮ್ಮ ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿಟ್ಟಿದ್ದಾರೆಂದು ಹೇಳಿದನು. ಮುಂದಿನ ಶನಿವಾರ ಊರಿಗೆ ಹೊರಟಿದ್ದೇವೆ. ದೇವರ ಕೋಣೆಗೆ ಬರಲಾಗುವುದಿಲ್ಲವೆಂದು ಮೊದಲೇ ತಿಳಿಸಿದೆ. "ಊಟಕ್ಕೆ ಬರ್ತೀಯಲ್ಲ, ಬಾ" ಎಂದನು.