ಊರಿನಿಂದ ಬರುವ ಅಪ್ಪ ಅಮ್ಮನಿಗೆ ಬಾಕ್ಸ್ ಹಿಲ್ ಸುತ್ತು: ಅನುಭವ ಇರುವವರು ತಿಳಿಸಿ

ಪ್ರಶ್ನೆ: ಮೇ ತಿಂಗಳಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಲಂಡನ್ನಿಗೆ ಬರುತ್ತಿದ್ದಾರೆ. ಇಬ್ಬರಿಗೂ ಅರವತ್ತೈದು ದಾಟಿದೆ. ದಿನವೂ ಕುಕ್ಕರಹಳ್ಳಿ ಕೆರೆ ಸುತ್ತುವವರು. ಆದರೆ ಮೆಟ್ಟಿಲು ಇಳಿಯುವಾಗ ಅಮ್ಮನಿಗೆ ಮಂಡಿ ನೋವು. ನಮ್ಮ ಬಳಿ ಕಾರಿಲ್ಲ. ಕಾಡು, ಸಣ್ಣ ಗುಡ್ಡ ಎರಡೂ ಇದ್ದು, ಹೊರಟಲ್ಲಿಗೇ ಮರಳುವ ದಾರಿ ಬೇಕು. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಕೌಂಟಿಯಲ್ಲಿರುವ ಬಾಕ್ಸ್ ಹಿಲ್ ಬೆಟ್ಟ ಆದೀತೆ?

ಸರ್ರೆಯಲ್ಲಿ ನೆಲೆಸಿರುವವರು: ಖಂಡಿತ ಆಗುತ್ತದೆ, ಆದರೆ ಯಾವ ದಿಕ್ಕಿನಿಂದ ಸುತ್ತುತ್ತೀರಿ ಎಂಬುದು ಮುಖ್ಯ. ವಾಟರ್‌ಲೂ ಅಥವಾ ವಿಕ್ಟೋರಿಯಾದಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ‘ಬಾಕ್ಸ್ ಹಿಲ್ ಅಂಡ್ ವೆಸ್ಟ್‌ಹಂಬಲ್’ ನಿಲ್ದಾಣ. ಎ24 ಹೆದ್ದಾರಿಯನ್ನು ಸುರಂಗದಾರಿಯಲ್ಲಿ ದಾಟಿ ದಕ್ಷಿಣಕ್ಕೆ ನಡೆದರೆ ಮೋಲ್ ನದಿ, ಅದರಲ್ಲಿ ಸಾಲಾಗಿ ಇಟ್ಟ ದಾಟುಗಲ್ಲುಗಳು. ಯುದ್ಧಕಾಲದಲ್ಲಿ ಕಿತ್ತುಹಾಕಿದ್ದ ಅವನ್ನು ಮತ್ತೆ ಹಾಕಿ, 1946ರಲ್ಲಿ ಆಗಿನ ಪ್ರಧಾನಿ ಕ್ಲೆಮೆಂಟ್ ಆಟ್ಲಿ ಉದ್ಘಾಟಿಸಿದರು. ಅಲ್ಲಿಂದ ಮೇಲಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅನೇಕರು ಹುಲ್ಲುಗುಡ್ಡದ ಕಡೆಯಿಂದ ಹತ್ತಿ ಈ ಮೆಟ್ಟಿಲುಗಳಲ್ಲಿ ಇಳಿಯುತ್ತಾರೆ. ನೀವು ಅದನ್ನು ತಿರುವುಮುರುವು ಮಾಡಿ: ಮೆಟ್ಟಿಲು ಹತ್ತಿ, ಬೆಟ್ಟದ ಬುಡದ ಬರ್ಫರ್ಡ್ ಬ್ರಿಡ್ಜ್ ಸೇತುವೆ ಕಡೆಯ ಹುಲ್ಲಿನ ಇಳಿಜಾರಿನಲ್ಲಿ ಇಳಿಯಿರಿ. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಮಂಡಿ ಹಿಡಿದುಕೊಂಡರೆ ಬೇರೆ ದಾರಿಯೇ ಇಲ್ಲ. ನಿಲ್ದಾಣದಿಂದ ನಿಲ್ದಾಣಕ್ಕೆ ಸುಮಾರು 5 ಕಿಲೋಮೀಟರ್. ಅರ್ಧ ದಿನವನ್ನೇ ಇದಕ್ಕೆ ಮೀಸಲಿಡಿ.

ಮೆಟ್ಟಿಲ ದಾರಿಯ ಇಕ್ಕೆಲದಲ್ಲೂ ಬೆಟ್ಟಕ್ಕೆ ಹೆಸರು ಕೊಟ್ಟ ಬಾಕ್ಸ್ ಮರಗಳನ್ನು ಹುಡುಕಿ ತೋರಿಸಿ. ಎಲೆ ಬೆರಳ ತುದಿಯಷ್ಟು ಚಿಕ್ಕದು, ದಪ್ಪ, ಮೇಲೆ ಹೊಳಪು. ಬಿಸಿಲು ಬಿದ್ದರೆ ಕಟುವಾದ ವಾಸನೆ ಬರುತ್ತದೆ. ಕಟ್ಟಿಗೆ ನೀರಿನಲ್ಲಿ ಮುಳುಗುವಷ್ಟು ಗಟ್ಟಿ. ಹಿಂದೆ ಪುಸ್ತಕದ ಚಿತ್ರಗಳನ್ನು ಅಚ್ಚು ಹಾಕಲು ಈ ಮರದ ತುಂಡಿನ ಮೇಲೇ ಕೊರೆಯುತ್ತಿದ್ದರು. ಗಿಡಮರದ ಮೇಲೆ ಅಕ್ಕರೆ ಇರುವ ನಮ್ಮ ಹಿರಿಯರಿಗೆ ಇದೆಲ್ಲ ಬಹಳ ಇಷ್ಟವಾಗುತ್ತದೆ.

ರೀಡಿಂಗ್‌ನಿಂದ ಒಬ್ಬರು: ಮೇಲಿನ ಮಾತಿಗೆ ಒಂದು ತಿದ್ದುಪಡಿ. ನೆಲವೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ಬಂದ ಮಾರನೆಯ ದಿನ ಆ ಹುಲ್ಲಿನ ಇಳಿಜಾರು ಜಾರುತ್ತದೆ, ನಮ್ಮ ಅತ್ತೆಯವರಿಗೆ ಅಲ್ಲಿ ಕೈಹಿಡಿದುಕೊಳ್ಳಬೇಕಾಯಿತು. ಒದ್ದೆಯಿದ್ದರೆ ಜಿಗ್‌ಜಾಗ್ ರಸ್ತೆಯಲ್ಲಿ ಇಳಿಯಿರಿ. ಡಾಂಬರು ರಸ್ತೆ, ಹದವಾದ ಇಳುಕಲು. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರ ಸೈಕಲ್ ಸ್ಪರ್ಧೆ ಇದೇ ಬೆಟ್ಟವನ್ನು ಒಂಬತ್ತು ಸಲ ಸುತ್ತಿತ್ತು. ಅಂದಿನಿಂದ ಸೈಕಲ್ ಸವಾರರ ಸಂಖ್ಯೆ ವಿಪರೀತ, ತಿರುವುಗಳಲ್ಲಿ ಸದ್ದಿಲ್ಲದೆ ಬರುತ್ತಾರೆ. ಅಂಚು ಬಿಡಬೇಡಿ. ಚಪ್ಪಲಿ ಬೇಡವೇ ಬೇಡ, ಹಿಡಿತವಿರುವ ಶೂ ಇರಲಿ. ನದಿ ಉಕ್ಕಿ ಕಲ್ಲುಗಳು ಮುಳುಗಿದ್ದರೆ ಹತ್ತಿರದಲ್ಲೇ ಕಾಲುಸೇತುವೆ ಇದೆ, ಸಾಹಸ ಮಾಡಬೇಡಿ.

ತೀರ್ಥಹಳ್ಳಿ ಮೂಲದವರು: ಯಾರೂ ರಕ್ತ ಹೀರುವ ಉಣುಗಿನ (ಟಿಕ್) ಮಾತೆತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಭಯ ಕಂಡವರು ನಾವು. ಇಲ್ಲಿನ ಉಣುಗು ಹರಡುವುದು ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ. ಉದ್ದ ಹುಲ್ಲಿನಲ್ಲಿ ಕೂರುವುದಾದರೆ ಜಮಖಾನೆ ಹಾಸಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಸೊಂಟ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಮೊನಚು ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಕೂಡದು. ಆಮೇಲಿನ ವಾರಗಳಲ್ಲಿ ಹರಡುತ್ತಾ ಹೋಗುವ ಕೆಂಪು ವೃತ್ತ ಅಥವಾ ಜ್ವರ ಕಂಡರೆ ವೈದ್ಯರ ಬಳಿ ಹೋಗಿ. ಊರಿಗೆ ಮರಳಿದ ಮೇಲೆ ಕಾಣಿಸಿಕೊಂಡರೆ ಅಲ್ಲಿನ ವೈದ್ಯರಿಗೂ ಈ ನಡಿಗೆಯ ವಿಷಯ ಹೇಳಲಿ.

ಕ್ರಾಯ್ಡನ್‌ನಿಂದ ಒಬ್ಬರು: ಮೇಲೆ, ಇಂಥ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಕೆಫೆ, ಶೌಚಾಲಯ ಇವೆ. ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಸಾಲೊಮನ್ಸ್ ಸ್ಮಾರಕದ ಬಳಿ ಕುಳಿತು ತಿನ್ನಿ. ಕೆಳಗೆ ಡಾರ್ಕಿಂಗ್ ಊರು, ಬೇಲಿ ಕಟ್ಟಿದ ಹೊಲಗಳು, ಆಚೆ ದಿಗಂತದಲ್ಲಿ ಸೌತ್ ಡೌನ್ಸ್ ಗುಡ್ಡಸಾಲು. ಲಿಯೊಪೋಲ್ಡ್ ಸಾಲೊಮನ್ಸ್ ಎಂಬವರು 1914ರಲ್ಲಿ ಈ ಬೆಟ್ಟವನ್ನು ಕೊಂಡು ಸಾರ್ವಜನಿಕರಿಗಾಗಿ ಟ್ರಸ್ಟ್‌ಗೆ ಕೊಟ್ಟುಬಿಟ್ಟರು, ಅಂಥವರನ್ನು ನೆನೆಯಬೇಕು. ಮೇ ತಿಂಗಳಾದರೂ ಮೇಲೆ ಗಾಳಿ ಚಳಿಯದು, ಸ್ವೆಟರ್ ಇರಲಿ. ಸೊಂಟಕ್ಕೆ ಬಿಳಿ ಪಂಚೆ ಸುತ್ತಿದಂತೆ ಕಾಣುವ ಕಪ್ಪು ದನಗಳು ಮೇಯುತ್ತಿದ್ದರೆ ದೂರದಿಂದಲೇ ನೋಡಿ, ದಾಟಿದ ಗೇಟು ಮುಚ್ಚಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನೀಲಿ ಹೂಗಳ ಕಾಡು ನೋಡಬೇಕೆಂದು ಅಮ್ಮನ ಆಸೆ. ಸಿಗುತ್ತದೆಯೆ?

ಸರ್ರೆಯವರು: ಬ್ಲೂಬೆಲ್‌ಗೆ ಏಪ್ರಿಲ್ ಕೊನೆ, ಮೇ ಮೊದಲ ಭಾಗವೇ ಸರಿಯಾದ ಕಾಲ, ಬಂದ ಮೊದಲ ವಾರವೇ ಹೊರಡಿ. ಸರ್ರೆಯ ಅತಿ ಎತ್ತರದ ಲೀತ್ ಹಿಲ್‌ನಲ್ಲಿ ಇನ್ನೂ ಚೆನ್ನಾಗಿರುತ್ತದೆ, ಆದರೆ ಕಾರಿಲ್ಲದೆ ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದು ಕಷ್ಟ. ಶನಿವಾರವೋ ವಾರದ ದಿನವೋ ನೋಡಿಕೊಳ್ಳಿ. ಭಾನುವಾರ ರೈಲು ಕಡಿಮೆ, ಹಳಿ ದುರಸ್ತಿ ಇದ್ದರೆ ಬದಲಿ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ಹಿಂದಿನ ರಾತ್ರಿಯೇ ವೇಳಾಪಟ್ಟಿ ಪರೀಕ್ಷಿಸಿ.